ಗಡಿಕಲ್ಲಿನ ಬಳಿ ನಿಂತ ಯೆಜ್ದಿ

ಮರಿಸ್ವಾಮಿಗೌಡರು ಯಾವುದನ್ನೂ ಎದುರಿನಿಂದ ನೋಡಿ ತೀರ್ಮಾನಿಸಿದವರಲ್ಲ. ಎತ್ತಾಗಲಿ, ಗಾಡಿಯಾಗಲಿ, ಹೊಸದಾಗಿ ಕಟ್ಟಿಸಿದ ಮನೆಯಾಗಲಿ, ನೆಂಟರ ಮನೆಗೆ ಹೆಣ್ಣು ನೋಡಲು ಬಂದ ಗಂಡಾಗಲಿ, ಮೊದಲು ಎಡಗಡೆಯಿಂದ ಹೊರಟು ಅದರ ಸುತ್ತ ನಿಧಾನವಾಗಿ ಒಂದು ಪ್ರದಕ್ಷಿಣೆ ಹಾಕಬೇಕು, ಹಿಂಭಾಗದಲ್ಲಿ ತುಸು ಹೆಚ್ಚು ಹೊತ್ತು ನಿಲ್ಲಬೇಕು, ಸುತ್ತು ಮುಗಿದ ಮೇಲೆ ಬೆನ್ನಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಬೇಕು. ಗಂಡಿನ ಬೆನ್ನ ಮೇಲೆ ಅವರು ಹೀಗೆ ಕೈಯಿಟ್ಟಾಗ ಗಂಡಿನ ಕಡೆಯವರು ಅದನ್ನು ವಾತ್ಸಲ್ಯವೆಂದು ತಿಳಿದು ಹಿಗ್ಗುತ್ತಿದ್ದರು. ಅದು ಪರೀಕ್ಷೆಯೆಂಬುದು ಹೆಂಡತಿ ಪುಟ್ಟಗೌರಮ್ಮನವರೊಬ್ಬರಿಗೆ ಗೊತ್ತಿತ್ತು; ಆಕೆ ಸೆರಗಿನ ಮರೆಯಲ್ಲಿ ನಕ್ಕು ಒಳಗೆ ಹೋಗಿಬಿಡುತ್ತಿದ್ದರು.

ಬೂಕನಕೆರೆಯ ಮಗ್ಗುಲಿನ ಊರು ಅವರದು. ಎತ್ತರದ ಆಳು, ಸೀಳು ಗಲ್ಲ, ದೂರದಿಂದಲೇ ಗುರುತು ಹಿಡಿಯಬಹುದಾದ ನಡಿಗೆ. ಪ್ರಾಯದಲ್ಲಿ ಹೋರಿಗರುವೊಂದು ಒದ್ದು ಬಲಮಂಡಿಯ ಚಿಪ್ಪು ಸರಿದಿದ್ದರಿಂದ, ನಾಲ್ಕು ಹೆಜ್ಜೆಗೊಮ್ಮೆ ಮೈಯನ್ನು ಎಡಕ್ಕೆ ವಾಲಿಸಿ ಬಲಗಾಲನ್ನು ಜೊತೆಗೆ ಕರೆದುಕೊಂಡು ಬರುವಂತೆ ನಡೆಯುತ್ತಿದ್ದರು. ಊರುಬಿಟ್ಟು ಹೊರಟರೆ ಪಂಚೆಯ ಮೇಲೊಂದು ಕಪ್ಪು ಕೋಟು ಇರಲೇಬೇಕು. ಮಾವನವರು ಮದುವೆಯಲ್ಲಿ ಕೊಟ್ಟ ಆ ಕೋಟು ಗೌಡರ ಮೈ ಬೆಳೆದಂತೆ ಬೆಳೆಯಲಿಲ್ಲವಾಗಿ ಗುಂಡಿ ಹಾಕುವ ಆಸೆಯನ್ನು ಅವರು ಎಂದೋ ಬಿಟ್ಟಿದ್ದರು. ಕೋಟು ತೊಡುವ ಛಲವನ್ನು ಮಾತ್ರ ಬಿಟ್ಟಿರಲಿಲ್ಲ.

ಎತ್ತಿನ ಸುಳಿ ನೋಡುವುದರಲ್ಲಿ ಕೃಷ್ಣರಾಜಪೇಟೆಯಿಂದ ಪಾಂಡವಪುರದವರೆಗೆ ಗೌಡರ ಮಾತಿಗೆ ಎರಡಿರಲಿಲ್ಲ. ದನದ ಮೈಮೇಲೆ ರೋಮ ಎಲ್ಲಿ ಸುತ್ತಿಕೊಂಡಿದೆ, ಆ ಸುಳಿ ಕೊಂಡವನ ಮನೆಯನ್ನು ಬೆಳೆಸುವಂಥದೋ ಮುಳುಗಿಸುವಂಥದೋ ಎಂದು ತಿಳಿಯದೆ ನಮ್ಮ ಕಡೆಯ ರೈತ ಹಗ್ಗಕ್ಕೆ ಕೈಹಾಕುವುದಿಲ್ಲ. ಗೌಡರು ಹೇಳಲು ತೊಡಗುವ ಮುನ್ನ ಒಂದು ಪೀಠಿಕೆ ತಪ್ಪದೆ ಬರುತ್ತಿತ್ತು: "ಇರಾದ್ನ ಯೋಳ್ತೀನಿ, ಬೇಜಾರ್ ಮಾಡ್ಕಬ್ಯಾಡ." ಆಮೇಲೆ ಬರುವುದು ಬೇಜಾರಾಗುವಂಥ ಮಾತೇ ಆಗಿರುತ್ತಿತ್ತು. ಇದ್ದದ್ದು ಇದ್ದಂತೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಊರಿನವರಿಗೆಲ್ಲ ಬಾಯಿಪಾಠವಾಗಿತ್ತು, ಗೌಡರಿಗೂ ಬರುತ್ತಿತ್ತು. ಆದರೆ ಗಾದೆ ಗೊತ್ತಿರುವುದು ಬೇರೆ, ನಾಲಗೆ ಬಾಗುವುದು ಬೇರೆ.

ಆ ಬಾಗದ ನಾಲಗೆ ಅವರ ಬದುಕಿನಲ್ಲಿ ಒಮ್ಮೆ ದೊಡ್ಡ ಅನಾಹುತ ಮಾಡಿತು. ಅವರ ಒಬ್ಬಳೇ ತಂಗಿ ಚಲುವಮ್ಮನನ್ನು ಕೊಟ್ಟಿದ್ದು ನಾಗಮಂಗಲದಾಚೆಯ ಕರಡಿಬೋರೆಗೆ. ಗಂಡ ಶಿವಣ್ಣ, ಒಳ್ಳೆಯವನು, ತುಸು ಮುಂಗೋಪಿ. ಶಿವಣ್ಣ ತನ್ನ ತಂಗಿಯ ಮದುವೆಗೆಂದು ಮನೆಯ ಎತ್ತಿನ ಜೋಡಿಯನ್ನು ಮಾರಲು ಹೊರಟ ದಿನ ಗೌಡರೂ ಅಲ್ಲಿದ್ದರು. ಹಾಸನದ ಕಡೆಯ ಕೊಳ್ಳುವವನು ಎಲ್ಲ ನೋಡಿ ಒಪ್ಪಿ, ಹಗ್ಗ ಹಿಡಿಯುವ ಹೊತ್ತಿಗೆ ಗೌಡರ ಕಡೆ ತಿರುಗಿ, "ತಾವು ಒಂದ್ ಮಾತ ಯೋಳ್ಬುಡಿ ಗೌಡ್ರೇ, ಸುಳಿ ಎಂಗವೆ?" ಎಂದು ಕೇಳಿಬಿಟ್ಟ. ಬಲಗಡೆಯ ಎತ್ತಿಗೆ ಹೆಗಲ ಮೇಲಿನ ಹಿಣಿಲಿನ ಹಿಂದೆ ಒಂದು ಕೆಟ್ಟ ಸುಳಿಯಿತ್ತು. ಶಿವಣ್ಣ ಭಾವನ ಮುಖವನ್ನೇ ನೋಡುತ್ತಿದ್ದ. ಚಲುವಮ್ಮ ಬಾಗಿಲ ಸಂದಿಯಿಂದ ಅಣ್ಣನ ಮುಖವನ್ನೇ ನೋಡುತ್ತಿದ್ದಳು. ಗೌಡರು ನೆಲ ನೋಡಿದರು, ಆಕಾಶ ನೋಡಿದರು, ಕೊನೆಗೆ ಪೀಠಿಕೆ ಹಾಕಿದರು.

ವ್ಯಾಪಾರ ಮುರಿಯಿತು, ಮದುವೆ ಮುಂದಿನ ವರ್ಷಕ್ಕೆ ಹೋಯಿತು. ಕೊಳ್ಳುವವನ ಬೆನ್ನು ಮರೆಯಾದ ಕೂಡಲೇ ಶಿವಣ್ಣ ಊರಿನ ನಾಲ್ಕು ಜನರ ಮುಂದೆ ಮೀಸೆ ನಡುಗಿಸುತ್ತ ಹೇಳಿದ: "ಇನ್ಮೇಲೆ ನಿನ್ನೆತ್ತು ನಮ್ಮೂರ ಗಡಿಕಲ್ಲು ದಾಟ್ಕೂಡ್ದು. ದಾಟಿದ್ ದಿನ ಚಲುವಿಗೂ ತವರ್ಗೂ ಅಲ್ಲೀಗೇ ಮುಗೀತು ಅಂತ ತಿಳ್ಕೋ." ಗೌಡರು ತಂಗಿಯ ಮನೆಗೆ ಬರುತ್ತಿದ್ದುದು ಎಂದೂ ತಮ್ಮದೇ ಜೋಡಿಯ ಗಾಡಿಯಲ್ಲಿ, ಆದ್ದರಿಂದ ಎತ್ತು ಎಂದರೆ ಗೌಡರು ಎಂದೇ ಎಲ್ಲರೂ ಅರ್ಥಮಾಡಿಕೊಂಡರು. ಗೌಡರು ಗಾಡಿ ಕಟ್ಟಿಕೊಂಡು ಹಿಂತಿರುಗಿದರು. ಅವತ್ತಿನಿಂದ ಯಾರ ಎತ್ತಿನ ಸುಳಿಯನ್ನೂ ನೋಡಲಿಲ್ಲ.

ಆಮೇಲಿನ ಗೌರಿಹಬ್ಬಗಳು ಗೌಡರ ಮನೆಗೆ ಹೇಗೆ ಬಂದವೋ ಹೇಗೆ ಹೋದವೋ. ತಂಗಿಗೆ ತವರಿನ ಬಾಗಿನ ಕೊಡಬೇಕಾದವನು ಅಣ್ಣ. ಅವನ ಕೈಯಿಂದ ಬಂದ ಮೊರ, ಬಳೆ, ಅರಿಸಿನ ಕುಂಕುಮಕ್ಕೆ ಇರುವ ತೂಕವೇ ಬೇರೆ. ಗೌಡರು ನಾಗಮಂಗಲದ ಸಂತೆಗೆ ಬರುವವರ ಕೈಯಲ್ಲಿ ಬಾಗಿನ ಕಳಿಸುತ್ತಿದ್ದರು. ತಲುಪಿತು ಎಂಬ ಸುದ್ದಿ ಬರುತ್ತಿತ್ತು, ಮತ್ತೇನೂ ಬರುತ್ತಿರಲಿಲ್ಲ. ಹಬ್ಬದ ದಿನ ಪುಟ್ಟಗೌರಮ್ಮನವರು ಬಡಿಸಿದ್ದನ್ನು ಉಂಡು, ಎಲೆ ಮಡಿಚಿ, ಕೊಟ್ಟಿಗೆಗೆ ಹೋಗಿ ಎತ್ತುಗಳ ನಡುವೆ ಕೂತುಬಿಡುತ್ತಿದ್ದರು. ಕ್ರಮೇಣ ಆ ಎತ್ತುಗಳೂ ಮುದಿಯಾಗಿ ಒಂದರ ಹಿಂದೊಂದು ಕಣ್ಣುಮುಚ್ಚಿದವು. ಊರಿಗೆ ಟ್ರಾಕ್ಟರು ಬಂದಿತ್ತು. ಗೌಡರು ಹೊಸ ಜೋಡಿ ಕಟ್ಟಲಿಲ್ಲ.

ಹೀಗಿರುವಾಗ ಒಂದು ದೀಪಾವಳಿಯ ಆಸುಪಾಸಿನಲ್ಲಿ, ಊರೂರು ಸುತ್ತುವ ಬಳೆಗಾರ್ತಿ ಪಾರ್ವತಮ್ಮ ಪುಟ್ಟಗೌರಮ್ಮನವರಿಗೆ ಬಳೆ ತೊಡಿಸುತ್ತ, ಚಲುವಮ್ಮ ಹೇಳಿಕಳಿಸಿದ ಮಾತನ್ನು ತಗ್ಗಿದ ದನಿಯಲ್ಲಿ ಒಪ್ಪಿಸಿದಳು: "ಎತ್ತು ತಾನೆ ಬರಕೂಡ್ದು ಅಂದಿರಾದು? ಅಣ್ಣ ಬ್ಯಾರೆ ಯಾವ್ದಾರ ಗಾಡಿ ಅತ್ಕೊಂಡು ಬರ್ಲಿ. ಒಂದ್ಸಲ ಬಂದು ಮೊಕ ತೋರುಸ್ಲಿ." ಇಷ್ಟು ವರ್ಷದ ಮೇಲೆ ಒಂದು ಕಿಂಡಿ ತೆರೆದಿತ್ತು. ಆದರೆ ಕರಡಿಬೋರೆಗೆ ಬಸ್ಸಿಲ್ಲ. ನಾಗಮಂಗಲ ದಾಟಿ ಟಾರು ಮುಗಿದ ಮೇಲೆ ಬರೀ ಜಲ್ಲಿ, ಬಂಡೆ, ನಡುವೆ ಮರಳಿನ ಹಳ್ಳ. ಗೌಡರ ಮಂಡಿಗೆ ಆ ದಾರಿಯನ್ನು ನಡೆದು ಮುಗಿಸುವ ತ್ರಾಣವಿರಲಿಲ್ಲ. ಅವರು ಎರಡು ದಿನ ಯೋಚಿಸಿ ಮೂರನೆಯ ದಿನ ಕೋಟು ತೊಟ್ಟು, "ಮೋಟ್ರುಸೈಕಲ್ ತತ್ತೀನಿ" ಎಂದು ಶ್ರೀರಂಗಪಟ್ಟಣದ ಬಸ್ಸು ಹತ್ತಿದರು. ಐವತ್ತು ದಾಟಿದ, ಸೈಕಲ್ಲು ಬಿಟ್ಟರೆ ಬೇರೆ ಯಂತ್ರ ಮುಟ್ಟದ ಮನುಷ್ಯ!

ಗಂಜಾಂ ಕಡೆಯ ಖಲೀಲ್ ಸಾಬರ ಶೆಡ್ಡಿನಲ್ಲಿ ಮಾರಲು ಮೂರು ಗಾಡಿಗಳು ನಿಂತಿದ್ದವು. ಗೌಡರು ಮೂರಕ್ಕೂ ಪ್ರದಕ್ಷಿಣೆ ಬಂದರು. ಮೈಲೇಜಿನ ಮಾತೆತ್ತಿದ ಸಾಬರಿಗೆ ಕೈಯೆತ್ತಿ ಸುಮ್ಮನಿರಲು ಹೇಳಿದರು. ಹೊಳೆಯುವ ನೂರು ಸಿಸಿಯ ಗಾಡಿಯ ಸೀಟಿನ ಮೇಲೆ ಅಂಗೈ ಊರಿ, "ಚೆಂದಾಗದೆ. ಇನ್ನೂ ಕರ. ಜಲ್ಲೀಲಿ ಎಗರಾಡ್ತದೆ," ಎಂದರು. ಬುಲೆಟ್ಟಿನ ಮುಂದೆ ಬಹಳ ಹೊತ್ತು ನಿಂತು, "ಇದು ದೇವ್ರಿಗೆ ಬಿಟ್ಟ ಬಸ್ವ ಕಣ್ ಸಾಬ್ರೇ. ಮೆರೋಣಿಗೆಗೆ ಸೈ. ಹಳ್ಳದಲ್ಲಿ ಬಿದ್ರೆ ಎತ್ತೋರ್ಯಾರು?" ಎಂದರು. ಮೂರನೆಯದು ಕೆಂಪು ಟ್ಯಾಂಕಿನ, ಎರಡು ಹೊಗೆಕೊಳವೆಯ ಯೆಜ್ದಿ, ಇನ್ನೂರೈವತ್ತು ಸಿಸಿ. ಅಷ್ಟು ದಪ್ಪವೂ ಅಲ್ಲ, ಅಷ್ಟು ಪೀಚೂ ಅಲ್ಲ. ಗೌಡರು ಬಣ್ಣ ನೋಡಲಿಲ್ಲ. ಗೊರಸು ನೋಡುವಂತೆ ಟಯರು ಒತ್ತಿ ನೋಡಿದರು, ಸಾಬರಿಂದ ಚಾಲೂ ಮಾಡಿಸಿ ಟ್ಯಾಂಕಿನ ಮೇಲೆ ಕೈಯಿಟ್ಟು ಅದರ ನಡುಕ ಕೇಳಿದರು, ಆಮೇಲೆ ಎಂಜಿನ್ನು ಆರಿಸಲು ಹೇಳಿ, ಪಕ್ಕದಲ್ಲಿ ಆಗತಾನೆ ಉತ್ತಿದ್ದ ಹೊಲದೊಳಕ್ಕೆ ತಾವೇ ಅದನ್ನು ತಳ್ಳಿಕೊಂಡು ಹೋಗಿ ತಿರುಗಿಸಿಕೊಂಡು ಬಂದರು.

"ಕ್ಯಾ ಗೌಡ್ರೇ, ಗಾಡಿ ತಗಳಾಕ್ ಬಂದ್ರೋ ಬೇಸಾಯ ಮಾಡಾಕ್ ಬಂದ್ರೋ?" ಎಂದು ಸಾಬರು ನಕ್ಕರು.

"ಹಳ್ಳೀಕಾರ್ ತಳಿ ಇದು," ಎಂದರು ಗೌಡರು, ಬೆವರೊರೆಸಿಕೊಳ್ಳುತ್ತ. "ಕಸುವದೆ, ಕೊಬ್ಬಿಲ್ಲ."

ಇನ್ನೊಂದು ಕಾರಣವೂ ಇತ್ತು. ಅದನ್ನು ತೋರಿಸಿಕೊಟ್ಟವರು ಸಾಬರೇ. ಉಳಿದ ಗಾಡಿಗಳನ್ನು ಬಲಗಾಲಿನಿಂದ ಒದ್ದು ಚಾಲೂ ಮಾಡಬೇಕು; ಯೆಜ್ದಿಯ ಕಿಕ್ಕರು ಎಡಕ್ಕಿದೆ, ಒದ್ದ ಮೇಲೆ ಅದನ್ನೇ ಮುಂದಕ್ಕೆ ಮಡಿಚಿದರೆ ಗೇರು. ಗೌಡರ ಬಲಮಂಡಿ ಅಂದು ಬಹಳ ವರ್ಷಗಳ ಮೇಲೆ ಯಾವ ಅವಮಾನವನ್ನೂ ಅನುಭವಿಸದೆ ಸುಮ್ಮನೆ ನಿಂತಿತ್ತು. ಎಡಗಾಲು ಎರಡೇ ಒದೆತಕ್ಕೆ ಎಂಜಿನ್ನನ್ನು ಎಬ್ಬಿಸಿದಾಗ ಅವರ ಮುಖದಲ್ಲಿ ಅರಳಿದ್ದನ್ನು ನೋಡಿದ ಸಾಬರು ಚೌಕಾಸಿಯನ್ನೇ ಮರೆತರು.

ಗಾಡಿ ಊರಿಗೆ ಬಂದ ಮೇಲೆ ಶುರುವಾಯಿತು ನಿಜವಾದ ಸಂಸಾರ. ಕಲಿಯಲು ಆರಿಸಿಕೊಂಡಿದ್ದು ಕೊಯ್ಲಾದ ಗದ್ದೆ. ಮೊದಲ ದಿನ ಗಾಡಿ ಹಿಡಿತ ಮೀರಿದಾಗ ಬ್ರೇಕನ್ನು ಮರೆತು, ಹ್ಯಾಂಡಲನ್ನು ಎದೆಗೆ ಎಳೆದುಕೊಂಡು, "ಹೋ, ಹೋ, ನಿಂತ್ಕಳ್ಳಾ!" ಎಂದು ಗದರುತ್ತ ಹುಲ್ಲಿನ ಮೆದೆಯೊಳಕ್ಕೆ ನೇರ ನುಗ್ಗಿದರು. ಹುಲ್ಲಿನಿಂದ ಎದ್ದು ಬಂದು ಕೋಟು ಕೊಡವಿಕೊಂಡು, "ಇನ್ನೂ ನನ್ ದನಿ ಪರಿಚಯ ಇಲ್ಲ ಅದ್ಕೆ," ಎಂದರು. ಗದ್ದೆಯ ಬದುವಿನ ಮೇಲೆ ಸಾಲಾಗಿ ಕೂತಿದ್ದ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡಿತು. ನಗಲಿ ಬಿಡಿ; ತಿಂಗಳೊಪ್ಪತ್ತಿನಲ್ಲಿ ಗೌಡರು ಕಾಲುವೆ ಏರಿಯ ಮೇಲೆ ಹೊಸಹೊಳಲಿನವರೆಗೆ ಹೋಗಿ ಬರುವಷ್ಟು ಪಳಗಿದ್ದರು. ಪಳಗಿದ್ದು ಗಾಡಿ ಎಂದು ಅವರ ವಾದ.

ಪೆಟ್ರೋಲಿಗೆ ಎಣ್ಣೆ ಬೆರೆಸುವುದನ್ನು ಅವರು ಹಿಂಡಿ ಕಲಸುವ ನಿಷ್ಠೆಯಿಂದ ಮಾಡುತ್ತಿದ್ದರು. ಬಿಸಿಯಾದ ಎಂಜಿನ್ನನ್ನು ಬಿಸಿಲಲ್ಲಿ ನಿಲ್ಲಿಸುತ್ತಿರಲಿಲ್ಲ. ಮರದ ನೆರಳು ಕಾಣುವವರೆಗೆ ತಾವೇ ಬೆವರಿ ತಳ್ಳುತ್ತಿದ್ದರು. ಸೋಮವಾರ ಬಸವನ ದಿನ, ನಮ್ಮಲ್ಲಿ ಯಾರೂ ಎತ್ತಿನ ಕುತ್ತಿಗೆಗೆ ನೊಗ ಇಡುವುದಿಲ್ಲ. ಗೌಡರು ಸೋಮವಾರ ಯೆಜ್ದಿಯನ್ನು ಹೊರಗೆ ತೆಗೆಯುತ್ತಿರಲಿಲ್ಲ. ಪೇಟೆಯಲ್ಲಿ ತುರ್ತು ಕೆಲಸವಿದ್ದರೂ ಅಂದು ಬಸ್ಸೇ ಗತಿ. "ಕಬ್ಬಿಣಕ್ಕೂ ರಜವಾ ಗೌಡ್ರೇ?" ಎಂದು ಬಸ್ಸಿನಲ್ಲಿ ಯಾರಾದರೂ ಚುಡಾಯಿಸಿದರೆ, "ವಾರವೆಲ್ಲ ನನ್ನ ಒತ್ಕಂಡ್ ತಿರುಗ್ತದೆ, ಒಂದಿನ ಸುಮ್ಕಿರ್ಲಿ" ಎಂದು ಕಿಟಕಿಯಾಚೆ ನೋಡುತ್ತಿದ್ದರು. ಸಂಕ್ರಾಂತಿಯಂದು ಅದರ ಮೈ ತೊಳೆದು, ಅರಿಸಿನ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಊರಿನ ದನಗಳೊಂದಿಗೆ ಕಿಚ್ಚು ಹಾಯಿಸಲು ತಳ್ಳಿಕೊಂಡು ಹೊರಟರು. ಉರಿಯುವ ಹುಲ್ಲಿಗೆ ಹತ್ತು ಮಾರು ಇರುವಾಗ ಪುಟ್ಟಗೌರಮ್ಮನವರು ಓಡಿಬಂದು ಅಡ್ಡ ನಿಂತರು: "ಅದ್ರ ಒಟ್ಟೇಲಿ ಪೆಟ್ರೋಲ್ ಅದೆ! ಊರ್ಗೇ ಬೆಂಕಿ ಇಕ್ಕೀರಾ?" ಗೌಡರಿಗೆ ಆಗ ಹೊಳೆಯಿತು. ಆದರೂ ಪೂರ್ತಿ ಸೋಲಲಿಲ್ಲ. ಕಿಚ್ಚು ಆರಿ ಬೂದಿಯಾಗುವವರೆಗೆ ಕಾದು, ಬೆಚ್ಚನೆಯ ಬೂದಿಯ ಮೇಲೆ ಎರಡೂ ಚಕ್ರ ಉರುಳಿಸಿಕೊಂಡೇ ಮನೆಗೆ ಬಂದರು.

ಇಷ್ಟೆಲ್ಲ ಆದರೂ ಕರಡಿಬೋರೆಗೆ ಮಾತ್ರ ಹೊರಡಲಿಲ್ಲ. ಬೇಸಿಗೆ ಕಳೆಯಿತು, ಮುಂಗಾರು ಬಂತು. "ಇನ್ನೂ ಪಳುಗ್ಬೇಕು" ಎನ್ನುತ್ತಿದ್ದರು. ಹೆದರುತ್ತಿದ್ದುದು ಗಾಡಿಗಲ್ಲ, ಶಿವಣ್ಣನ ಬಾಗಿಲಿಗೆ ಎಂಬುದು ಹೆಂಡತಿಗೆ ತಿಳಿದಿತ್ತು. ಗೌರಿಹಬ್ಬ ಹತ್ತಿರವಾದ ಕೂಡಲೇ ಪುಟ್ಟಗೌರಮ್ಮನವರು ಯಾರನ್ನೂ ಕೇಳದೆ ಹೊಸ ಮೊರ ತರಿಸಿ, ಬಳೆ, ಬಿಚ್ಚೋಲೆ, ಬೇಳೆ ಬೆಲ್ಲ ತುಂಬಿ ಬಾಗಿನ ಕಟ್ಟಿ, ಹಬ್ಬದ ಹಿಂದಿನ ದಿನ ಬೆಳಗ್ಗೆ ಅದನ್ನು ಮಡಿಲಲ್ಲಿಟ್ಟುಕೊಂಡು ತಾವೇ ಹೋಗಿ ಯೆಜ್ದಿಯ ಹಿಂದಿನ ಸೀಟಿನ ಮೇಲೆ ಕೂತುಬಿಟ್ಟರು. ಅಲ್ಲಿಯವರೆಗೆ ಆ ಗಾಡಿಯನ್ನು ಬೆರಳಿಂದಲೂ ಮುಟ್ಟದಿದ್ದ ಹೆಂಗಸು. ಗೌಡರು ಕೋಟು ತೊಟ್ಟರು.

ಪೇಟೆ ದಾಟಿ, ನಾಗಮಂಗಲ ದಾಟಿ, ಟಾರು ಮುಗಿಯಿತು. ಹಸಿರು ಹಿಂದೆ ಸರಿದು ಬೋರೆಯ ಕಲ್ಲುದಿಬ್ಬಗಳು ಎದುರಾದವು. ಆರಿಸುವಾಗ ಗೌಡರು ಕಂಡಿದ್ದ ಕಸುವು ಸುಳ್ಳಾಗಲಿಲ್ಲ: ಜಲ್ಲಿಯಲ್ಲಿ ಗಾಡಿ ಎಗರಲಿಲ್ಲ, ಬಂಡೆಯೇರುವಾಗ ಏದುಸಿರು ಬಿಟ್ಟರೂ ನಿಲ್ಲಲಿಲ್ಲ, ಹಳ್ಳದ ಮರಳಿನಲ್ಲಿ ಹಿಂಚಕ್ರ ಹೂತಾಗ ಪುಟ್ಟಗೌರಮ್ಮನವರು ಇಳಿದು ಮೊರವನ್ನು ತಲೆಯ ಮೇಲೆ ಹೊತ್ತು ದಾಟಿದರು, ಗೌಡರು ಪಂಚೆ ಎತ್ತಿಕಟ್ಟಿ "ಬಾರಪ್ಪ, ಬಾ" ಎನ್ನುತ್ತ ಎಳೆದು ತಂದರು. ಊರಿನ ಹೆಂಚುಗಳು ಕಾಣಿಸಿದವು. ಗಡಿಕಲ್ಲು ಬಂತು. ಅಲ್ಲಿ ಗೌಡರು ಗಾಡಿ ನಿಲ್ಲಿಸಿ, ಎಂಜಿನ್ನು ಆರಿಸಿ, ಕೆಳಗಿಳಿದರು.

"ಯಾಕೆ? ಇನ್ನೇನು ಮನೆ ಬಂತಲ್ಲ," ಎಂದರು ಪುಟ್ಟಗೌರಮ್ಮ.

"ನೀನು ಮೊರ ತಕ್ಕಂಡ್ ಓಗು. ನಾನ್ ಇಲ್ಲೇ ಇರ್ತೀನಿ."

ಆಕೆ ಗಂಡನ ಮುಖ ನೋಡಿ, ಮೊರ ಎತ್ತಿಕೊಂಡು ನಡೆದರು. ಗೌಡರು ಕಲ್ಲಿನ ಈಚೆಗೆ, ಗಾಡಿಯ ನೆರಳಿನಲ್ಲಿ, ಬಲಗಾಲು ನೀಡಿಕೊಂಡು ಕೂತರು. ಇಷ್ಟು ದೂರ ಬಂದು ಇಲ್ಲಿಂದಲೇ ಹಿಂತಿರುಗಬೇಕಾಗಬಹುದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ತಂಗಿಯ ಮನೆಯ ಮುಂದಿನ ಹುಣಸೆಮರ ಅಲ್ಲಿಂದಲೇ ಕಾಣುತ್ತಿತ್ತು. ಅವರು ಅದನ್ನು ನೋಡದಿರಲು ಕಷ್ಟಪಡುತ್ತಿದ್ದರು.

ಬಂದವನು ಶಿವಣ್ಣನೇ, ಒಬ್ಬನೇ, ಹೆಗಲ ಮೇಲೆ ಟವೆಲ್ಲು. ಮೀಸೆ ಬೆಳ್ಳಗಾಗಿತ್ತು. "ಯಾಕ್ ಬಾವ, ಇಲ್ಲೇ ಕುಂತ್ಬುಟ್ರಿ? ಅವ್ಳು ಆಗ್ಲೇ ಒಸ್ಲಲ್ಲಿ ನಿಂತವ್ಳೆ."

"ಎತ್ತು ದಾಟ್ಕೂಡ್ದು ಅಂದಿದ್ಯಲ್ಲ."

"ಎತ್ತೆಲ್ಲದೆ? ಇದು ಮೋಟ್ರು. ಚಲುವಿ ಯೋಳಿ ಕಳ್ಸಿದ್ದು ನಂಗ್ ಗೊತ್ತಿಲ್ವಾ? ಗೊತ್ತಿದ್ದೇ ಸುಮ್ಕಿದ್ದೆ. ನಾನೂ ಕಾಯ್ತಿದ್ದೆ ಕಣ್ ಬಾವ."

ದಾರಿ ತೆರೆದೇ ಇತ್ತು. ಒಂದು ಹೆಜ್ಜೆ ಇಟ್ಟಿದ್ದರೆ ಮುಗಿದಿತ್ತು. ಗೌಡರು ನೆಲ ಹಿಡಿದು ಎದ್ದು ನಿಂತು, ಸೀಟಿನ ಮೇಲೆ ಕೈಯಿಟ್ಟು, ಗಂಟಲು ಸರಿಮಾಡಿಕೊಂಡರು.

"ಇರಾದ್ನ ಯೋಳ್ತೀನಿ ಶಿವಣ್ಣ, ಬೇಜಾರ್ ಮಾಡ್ಕಬ್ಯಾಡ. ಊರೋರ್ಗೆಲ್ಲ ಇದು ಮೋಟ್ರು. ನಂಗೆ ಎತ್ತೇಯ. ಸೋಮ್ವಾರ ಕಟ್ಟಲ್ಲ. ಸಂಕ್ರಾಂತೀಲಿ ಅರಿಸ್ನ ಅಚ್ಚಿವ್ನಿ. ಈಗ ನಿನ್ ಮುಂದೆ ಎತ್ತಲ್ಲ ಅಂದ್ಬುಟ್ಟು ಒಳೀಕ್ ಬಂದ್ರೆ, ನನ್ ಪಾಲ್ಗೆ ಅದು ಮೋಸ. ಚಲುವಿ ಮನೇಗೆ ಮೋಸ ಮಾಡ್ಕಂಡು ಬರ್ನಾರೆ."

ಶಿವಣ್ಣ ಗಾಡಿಯನ್ನೊಮ್ಮೆ ಮೇಲಿಂದ ಕೆಳಗೆ ನೋಡಿದ. "ಅವತ್ತೂ ಇಂಗೇಯ," ಎಂದ. "ಒಂದ್ ಸುಳ್ಳ ಯೋಳಿದ್ರೆ ಆಗೋಯ್ತಿತ್ತು."

"ಊಂ."

"ಇವತ್ತೂ ಒಂದ್ ಸುಳ್ಳ ಯೋಳಿದ್ರೆ ಆಗೋಯ್ತಿತ್ತು."

"ಊಂ."

ಇಷ್ಟು ವರ್ಷ ಶಿವಣ್ಣನ ಎದೆಯಲ್ಲಿ ಕೊರೆಯುತ್ತಿದ್ದುದು ಮುರಿದ ವ್ಯಾಪಾರವಲ್ಲ. ಕೊಳ್ಳುವವನ ಮುಂದೆ ತನ್ನ ಹೆಸರು ಉಳಿಸಿಕೊಳ್ಳಲು ಭಾವ ತಂಗಿಯ ಮನೆಯನ್ನು ಬಲಿಕೊಟ್ಟ ಎಂಬ ಗುಮಾನಿ. ಇಲ್ಲಿ ಕೊಳ್ಳುವವನಿರಲಿಲ್ಲ, ಉಳಿಸಿಕೊಳ್ಳಲು ಹೆಸರೂ ಇರಲಿಲ್ಲ. ಇದ್ದದ್ದು ಕಳೆದುಕೊಳ್ಳುವುದಕ್ಕೆ ಒಬ್ಬ ತಂಗಿ ಮಾತ್ರ. ಆದರೂ ಈ ಮುದುಕ ಅದೇ ನಾಲಗೆಯಿಂದ ತನ್ನ ಕಾಲ ಮೇಲೆ ತಾನೇ ಕಲ್ಲು ಹಾಕಿಕೊಳ್ಳುತ್ತಿದ್ದ! ಶಿವಣ್ಣನಿಗೆ ತಡೆಯಲಾರದಷ್ಟು ನಗು ಬಂತು. ನಗುತ್ತ ನಗುತ್ತ ಟವೆಲ್ಲು ಕಣ್ಣಿಗೆ ಹೋಯಿತು.

"ನಾನ್ ಆಡಿದ್ ಮಾತ ನಾನೇ ತಗೀತೀನಿ. ಎತ್ತೇ ಆಗ್ಲಿ, ಬರ್ಲಿ ನಡೀರಿ," ಎಂದು ಹ್ಯಾಂಡಲಿಗೆ ಕೈಹಾಕಿದ. ಒಂದು ಕಡೆ ಗೌಡರು, ಇನ್ನೊಂದು ಕಡೆ ಶಿವಣ್ಣ. ನಡುವೆ ದೂಳು ಮೆತ್ತಿದ ಯೆಜ್ದಿ ಸದ್ದಿಲ್ಲದೆ ಗಡಿಕಲ್ಲು ದಾಟಿತು. ಚಲುವಮ್ಮ ತಂಬಿಗೆ ಹಿಡಿದು ಬೀದಿಗೇ ಬಂದಿದ್ದಳು, ಅಣ್ಣನ ಕಾಲಿಗೆ ನೀರು ಹಾಕುವುದನ್ನು ಮರೆತು, "ಏಟೊಂದ್ ಸೊರಗೋಗಿದ್ದೀಯಣ್ಣ!" ಎಂದು ಅಳುತ್ತ ನಿಂತಳು. ಜಗಲಿಯ ಮೇಲೆ ಕೂತ ಗೌಡರು "ಉಸ್ಸಪ್ಪಾ" ಎಂದು ಬಿಟ್ಟ ಉಸಿರು ಹಳ್ಳ ದಾಟಿದ ಆಯಾಸದ್ದಲ್ಲ. ವರ್ಷಗಳಿಂದ ಎದೆಯ ಮೇಲಿದ್ದ ಹೊರೆಯನ್ನು ಯಾರೋ ಇಳಿಸಿಕೊಂಡಂತಾಗಿ ಅವರಿಗೆ ಕೂಡಲೇ ಹಸಿವಾಯಿತು. ಏನಿದೆ ಎಂದು ಕೇಳಿ, ಚಲುವಮ್ಮ ತಂದಿಟ್ಟ ಮುದ್ದೆ ಅವರೆಕಾಳಿನ ಸಾರನ್ನು ಎರಡೆರಡು ಸಲ ಬಡಿಸಿಕೊಂಡು ಉಂಡರು.

ನಮ್ಮ ಸೀಮೆಯಲ್ಲಿ ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಲೋಕ ನಡೆಯುವುದು ಸಣ್ಣಪುಟ್ಟ ಒಳದಾರಿಗಳಿಂದ. ಇವರಿಗೆ ಆ ದಾರಿಗಳು ಕಣ್ಣಿಗೆ ಕಾಣುತ್ತವೆ, ಕಾಲಿಗೆ ಒಗ್ಗುವುದಿಲ್ಲ. ಇವರ ದೆಸೆಯಿಂದ ಮದುವೆಗಳು ಮುಂದೆ ಹೋಗುತ್ತವೆ, ನೆಂಟರು ಮುನಿಯುತ್ತಾರೆ, ಮನೆಯವರು ಅವರಿವರ ಮುಂದೆ ತಲೆ ತಗ್ಗಿಸುತ್ತಾರೆ. ಇವರೊಡನೆ ಬಾಳುವುದು ಸುಲಭವೆಂದು ಪುಟ್ಟಗೌರಮ್ಮನವರೂ ಹೇಳಲಾರರು. ಆದರೆ ನಮ್ಮ ಮನೆಗಳಿಗೆ ಬಂದುಹೋಗುವವರಲ್ಲಿ ಹೆಚ್ಚಿನವರು ತಮ್ಮ ಅರ್ಧವನ್ನು ಹೊರಗೆಲ್ಲೋ ಬಿಟ್ಟು, ಅರ್ಧವನ್ನಷ್ಟೇ ಒಳಗೆ ತಂದು ಕೂರಿಸಿರುತ್ತಾರೆ. ಇಂಥವರು ಬರುವುದು ತಡ. ಬಂದಾಗ ಪೂರ್ತಿಯಾಗಿ ಬಂದಿರುತ್ತಾರೆ.